ಕೋಣದ ಕ್ಷೇಮ, ಓಟಗಾರನ ಕ್ಷೇಮ

(ರಾಜ್ಯೋತ್ಸವದ ಸಂಜೆ ಸಂಘದ ಸಭಾಗೃಹದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡುನುಡಿಗಳನ್ನು ಕುರಿತು ಮಾತನಾಡುವುದು ವಾಡಿಕೆ. ಕಾರ್ಯದರ್ಶಿಗಳು ನಮ್ಮನ್ನು ಕರೆಯಲು ಬಂದಾಗ ಅವರ ಮನಸ್ಸಿನಲ್ಲಿಯೂ ಅಂಥದೇ ವಿಷಯವಿದ್ದಿತೆಂದು ತೋರುತ್ತದೆ. ಕಂಬಳವನ್ನೂ ಕಾಯಿದೆಯನ್ನೂ ಕುರಿತು ಮಾತನಾಡುತ್ತೇವೆ ಎಂದು ನಾವು ಹೇಳಿದಾಗ ಅವರು ಒಂದು ಕ್ಷಣ ಸುಮ್ಮನಾದರು. ಆಮೇಲೆ ನಕ್ಕು, "ಆಗಲಿ, ನಮ್ಮ ಸದಸ್ಯರಲ್ಲಿ ಅರ್ಧ ಮಂದಿ ಡಿಸೆಂಬರಿನಲ್ಲಿ ರಜೆ ಹಾಕುವುದೇ ಅದಕ್ಕಾಗಿ ಅಲ್ಲವೆ?" ಎಂದರು. ಮಾತು ಸುಳ್ಳಲ್ಲ. ಮುಂಬಯಿಗೆ ಬಂದು ಎರಡು ಮೂರು ತಲೆಮಾರು ಕಳೆದರೂ ನಮ್ಮ ಕರಾವಳಿಯವರ ಮನೆಗಳಲ್ಲಿ ದೀಪಾವಳಿ ಮುಗಿಯುತ್ತಲೇ ಯಾವ ಊರಿನ ಕಂಬಳ ಯಾವ ಶನಿವಾರ ಎಂಬ ವಿಚಾರಣೆ ಮೊದಲಾಗುತ್ತದೆ. ಸಮಿತಿಯವರು ರಸೀದಿ ಪುಸ್ತಕ ಹಿಡಿದು ನಮ್ಮ ಹೊಟೇಲುಗಳ ಗಲ್ಲಾದ ಮುಂದೆ ಬಂದು ನಿಲ್ಲುವುದೂ ಆಗಲೇ.

ಹುಬ್ಬಳ್ಳಿ, ವಿಜಯಪುರ, ಮೈಸೂರುಗಳ ಕಡೆಯಿಂದ ಬಂದ ಬಂಧುಗಳೂ ಸಭೆಯಲ್ಲಿದ್ದಾರೆ. ಅವರಲ್ಲಿ ಹಲವರು ಕಂಬಳವನ್ನು ಕಂಡಿರುವುದು 2022ರ 'ಕಾಂತಾರ' ಚಿತ್ರದಲ್ಲಿ ಮಾತ್ರ. ಅವರಿಗಾಗಿ ನಾಲ್ಕು ಮಾತು. ಕೆಸರುನೀರು ತುಂಬಿದ, ಹೆಚ್ಚು ಕಡಿಮೆ 140 ಮೀಟರು ಉದ್ದದ ಓಟದ ಹಾದಿಗೆ ನಮ್ಮಲ್ಲಿ ಕರೆ ಎನ್ನುತ್ತಾರೆ. ಎರಡು ಕರೆಗಳು ಅಕ್ಕಪಕ್ಕದಲ್ಲಿದ್ದರೆ ಅದು ಜೋಡುಕರೆ. ಒಂದೊಂದರಲ್ಲಿ ಒಂದೊಂದು ಜೋಡಿ ಕೋಣ, ಹಿಂದೆ ಒಬ್ಬ ಓಟಗಾರ. ನೊಗಕ್ಕೆ ಕಟ್ಟಿದ ಹಗ್ಗ ಹಿಡಿದು ಓಡುವುದು ಒಂದು ಬಗೆ, ಹಗುರವಾದ ನೇಗಿಲು ಹಿಡಿದು ಓಡುವುದು ಇನ್ನೊಂದು. ಅಡ್ಡಹಲಗೆಯ ಮೇಲೆ ನಿಂತು ಸಾಗುವುದು ಮೂರನೆಯದು. ನಾಲ್ಕನೆಯದಾದ ಕನೆಹಲಗೆಯಲ್ಲಿ ವೇಗಕ್ಕೆ ಬೆಲೆಯಿಲ್ಲ. ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಿತೇ ಇಲ್ಲವೇ ಎಂಬುದಷ್ಟೆ ಲೆಕ್ಕ. ಶನಿವಾರ ಬೆಳಗ್ಗೆ ಮೊದಲಾದದ್ದು ದೀಪದ ಬೆಳಕಿನಲ್ಲಿ ರಾತ್ರಿಯೆಲ್ಲ ನಡೆದು ಭಾನುವಾರ ಮುಗಿಯುತ್ತದೆ. ಗೆದ್ದರೆ ಚಿನ್ನದ ಪವನು. ಅದು ಕೋಣದ ಯಜಮಾನರಿಗೆ. ಮರುದಿನದ ಪತ್ರಿಕೆಯಲ್ಲಿ ಫಲಿತಾಂಶವನ್ನು ನೋಡಿ: ಮೊದಲು ಯಜಮಾನರ ಊರು, ಮನೆತನ, ಹೆಸರು, ಅದರ ಕೆಳಗೆ "ಓಡಿಸಿದವರು" ಎಂದು ಇನ್ನೊಂದು ಹೆಸರು.

ಆ ಕೆಳಗಿನ ಸಾಲಿನ ವಿಚಾರವಾಗಿಯೇ ಇಂದು ಮಾತನಾಡಬೇಕೆಂದಿದ್ದೇವೆ. ಆದರೆ ಅಲ್ಲಿಗೆ ಹೋಗಬೇಕಾದರೆ ಕೋಣದ ದಾರಿಯಲ್ಲಿಯೇ ಹೋಗಬೇಕು. ಏಕೆಂದರೆ ಕಾಯಿದೆ ಹೋದದ್ದು ಆ ದಾರಿಯಲ್ಲಿ.

2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ವ್ಯಾಜ್ಯ ನಡೆದದ್ದು ತಮಿಳುನಾಡಿನ ಜಲ್ಲಿಕಟ್ಟು, ಈ ಮಹಾರಾಷ್ಟ್ರದ ಎತ್ತಿನ ಗಾಡಿಯ ಓಟ ಇವುಗಳನ್ನು ಕುರಿತು. ಎತ್ತು ಓಟಕ್ಕಾಗಿ ಹುಟ್ಟಿದ ಪ್ರಾಣಿಯಲ್ಲ, ಮನುಷ್ಯನ ವಿನೋದಕ್ಕಾಗಿ ಅದನ್ನು ಹೆದರಿಸಿ ಓಡಿಸುವುದು ಹಿಂಸೆ, ಪ್ರಾಣಿಗೂ ಮಾನದಿಂದ ಬಾಳುವ ಹಕ್ಕಿದೆ ಎಂಬುದು ಆ ತೀರ್ಪಿನ ತಿರುಳು. ಅದರ ಬಿಸಿ ನಮ್ಮ ಕರೆಗಳಿಗೂ ತಟ್ಟಿತು. 2016ರ ನವೆಂಬರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಕಂಬಳಕ್ಕೆ ಮಧ್ಯಂತರ ತಡೆ ಕೊಟ್ಟಿತು. 2017ರ ಜನವರಿಯಲ್ಲಿ ಚೆನ್ನೈಯ ಮರೀನಾ ತೀರದಲ್ಲಿ ಜನ ಜಲ್ಲಿಕಟ್ಟಿಗಾಗಿ ಸೇರಿದುದನ್ನು ನೋಡಿ ನಮ್ಮವರೂ ಎದ್ದರು. ಈ ಸಂಘದ ಕೆಳಗಿನ ಕೋಣೆಯಲ್ಲಿ ಒಂದು ಭಾನುವಾರ ಸಭೆ ಸೇರಿದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮನವಿಗೆ ಸಹಿ ಹಾಕಿದೆವು, ಊರಿನ ಹೋರಾಟಕ್ಕೆ ಹಣ ಕೂಡಿಸಿದೆವು. ಮೂಕಪ್ರಾಣಿಯನ್ನು ಮಕ್ಕಳಂತೆ ಸಾಕುವ ನಮಗೆ ಹಿಂಸೆಯ ಪಾಠ ಹೇಳಲು ಇವರು ಯಾರು ಎಂದು ಗಟ್ಟಿಯಾಗಿ ಮಾತನಾಡಿದವರಲ್ಲಿ ನಾವೂ ಇದ್ದೆವು.

ಇಂದು ಹಿಂದಿರುಗಿ ನೋಡಿದರೆ ಆ ಮಾತು ಪೂರ್ತಿ ಪ್ರಾಮಾಣಿಕವಾಗಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಯಜಮಾನರ ಮನೆಯಲ್ಲಿ ಕೋಣಕ್ಕೆ ಬೇಯಿಸಿದ ಹುರುಳಿ, ಎಣ್ಣೆಯ ನೀವಿಕೆ, ಪ್ರತ್ಯೇಕ ಕೊಟ್ಟಿಗೆ, ಸೊಳ್ಳೆ ಕಚ್ಚದಂತೆ ಫ್ಯಾನು ಎಲ್ಲವೂ ನಿಜ. ಕರೆಗೆ ಇಳಿದ ಮೇಲೆ ಬೆನ್ನ ಮೇಲೆ ಬೀಳುತ್ತಿದ್ದ ಬೆತ್ತದ ಪೆಟ್ಟೂ ನಿಜವೇ. ನಾವು ಚಿಕ್ಕಂದಿನಲ್ಲಿ ಅಜ್ಜನ ಹೆಗಲ ಮೇಲೆ ಕುಳಿತು ನೋಡಿದ ಕಂಬಳಗಳಲ್ಲಿ ಕೋಣದ ಬೆನ್ನಿನ ಬಾಸುಂಡೆಗಳನ್ನು ಎಣಿಸಬಹುದಾಗಿತ್ತು. ನಾವು ಕಂಡ ಮಟ್ಟಿಗೆ ಹೇಳುವುದಾದರೆ ಕೋರ್ಟಿನ ಹೆದರಿಕೆ ಬಂದ ಮೇಲೆ ಬೆತ್ತ ಬಹಳ ತಗ್ಗಿದೆ. ತಡೆಯನ್ನು ಬೈದ ಬಾಯಿಂದಲೇ ಇದನ್ನೂ ಹೇಳಬೇಕಲ್ಲವೆ?

ಈಗ ಕಾಯಿದೆಯ ಒಂದು ಸೂಕ್ಷ್ಮವನ್ನು ನೋಡೋಣ. ವಕೀಲರ ವಿಷಯವೆಂದು ಬೇಸರಪಡಬೇಡಿ, ಇಡೀ ಕಥೆಯ ಕೀಲಿ ಇಲ್ಲಿದೆ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಅಧಿಕಾರವನ್ನು ಮೂರು ಪಟ್ಟಿಗಳಲ್ಲಿ ಹಂಚಿದ್ದಾರೆ. ಕ್ರೀಡೆ ಇರುವುದು ರಾಜ್ಯಗಳ ಪಟ್ಟಿಯಲ್ಲಿ, ನಾಟಕ ಸಿನಿಮಾಗಳ ಜೊತೆಗೆ. ಪ್ರಾಣಿಹಿಂಸೆಯ ನಿವಾರಣೆ ಇರುವುದು ಕೇಂದ್ರ ರಾಜ್ಯಗಳೆರಡಕ್ಕೂ ಸೇರಿದ ಪಟ್ಟಿಯಲ್ಲಿ. ಈ ಎರಡನೆಯ ಬಗೆಯ ವಿಷಯದಲ್ಲಿ ಕೇಂದ್ರದ ಕಾಯಿದೆಗೆ ಹೊಂದದ ಕಾಯಿದೆಯನ್ನು ರಾಜ್ಯ ಮಾಡಿದರೆ ಅದು ನಿಲ್ಲಬೇಕಾದರೆ ರಾಷ್ಟ್ರಪತಿಗಳ ಒಪ್ಪಿಗೆ ಬೇಕು. ಕಂಬಳ ಕ್ರೀಡೆ ಎಂಬ ಬಾಗಿಲಿನಿಂದ ಹೋಗಿದ್ದರೆ ವಿಧಾನಸೌಧದಲ್ಲಿಯೇ ಕೆಲಸ ಮುಗಿಯುತ್ತಿತ್ತು. ಅದು ಹೋಗಬೇಕಾದದ್ದು ಪ್ರಾಣಿಹಿಂಸೆ ಎಂಬ ಬಾಗಿಲಿನಿಂದ. ಆದುದರಿಂದಲೇ ದೆಹಲಿಯ ದಾರಿ ಕಾಯಬೇಕಾಯಿತು: 2017ರ ಫೆಬ್ರವರಿಯಲ್ಲಿ ಒಂದು ಮಸೂದೆ, ಜುಲೈಯಲ್ಲಿ ಸುಗ್ರೀವಾಜ್ಞೆ, ಮತ್ತೆ ನವೆಂಬರಿನಲ್ಲಿ ತಿದ್ದಿದ ಮಸೂದೆ, 2018ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳ ಅಂಕಿತ. ಕಂಬಳ ನಡೆಯಬಹುದು, ಪ್ರಾಣಿಗೆ ಅನಾವಶ್ಯಕ ನೋವಾಗಬಾರದು ಎಂಬ ಏರ್ಪಾಡು. 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಮೂರರ ತಿದ್ದುಪಡಿಗಳನ್ನೂ ಎತ್ತಿಹಿಡಿಯಿತು. ಆ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೇ ಕರೆ ತೋಡಿ ಕಂಬಳ ನಡೆಸಿದರು.

ಇಷ್ಟೂ ವರ್ಷ, ಇಷ್ಟೂ ಕಾಗದದಲ್ಲಿ ಚರ್ಚೆಯಾದದ್ದು ಕೋಣಕ್ಕೆ ನೋವಾಗುತ್ತದೆಯೇ ಇಲ್ಲವೇ ಎಂಬುದು. ಹಿಂದೆ ಓಡುವ ಹುಡುಗನಿಗೆ ಏನಾಗುತ್ತದೆ ಎಂದು ಕೇಳಲು ಆ ಬಾಗಿಲಿನಲ್ಲಿ ಎಡೆಯೇ ಇರಲಿಲ್ಲ. ತಿದ್ದಿದುದು ಪ್ರಾಣಿಹಿಂಸೆಯ ಕಾಯಿದೆಯನ್ನು ತಾನೆ?

ಹಾಗೆಂದು ಪ್ರಾಣಿಗಾದರೂ ಕಾಯಿದೆ ಬಹಳ ಮಾಡಿತೆಂದು ತಿಳಿಯಬಾರದು. ಈಗಿನ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆ 1960ರದು. ಅದರ ಹಿಂದೆ ಇದ್ದವರು ಭರತನಾಟ್ಯದ ರುಕ್ಮಿಣೀದೇವಿ ಅರುಂಡೇಲ್. ಅವರು ರಾಜ್ಯಸಭೆಯ ಸದಸ್ಯರಾಗಿದ್ದಾಗ ಸ್ವಂತವಾಗಿ ಒಂದು ಮಸೂದೆ ತಂದರು. ಸರಕಾರವೇ ಕಾಯಿದೆ ತರುವುದೆಂದು ನೆಹರೂ ಅವರು ಮಾತು ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡರು. ಕಾಯಿದೆ ಬಂದಿತು, 1962ರಲ್ಲಿ ಪ್ರಾಣಿಕಲ್ಯಾಣ ಮಂಡಳಿ ಆಯಿತು, ಅದಕ್ಕೆ ಅವರೇ ಮೊದಲ ಅಧ್ಯಕ್ಷೆ. ಕಾಯಿದೆ ಗೊತ್ತುಮಾಡಿದ ದಂಡ ಎಷ್ಟೆನ್ನುತ್ತೀರಿ? ಮೊದಲ ತಪ್ಪಿಗೆ 10 ರೂಪಾಯಿಗೆ ಕಡಿಮೆಯಿಲ್ಲ, 50ಕ್ಕೆ ಹೆಚ್ಚಿಲ್ಲ. ಅಂದಿಗೆ ಐವತ್ತು ರೂಪಾಯಿ ಹಣವೇ. 2022ರಲ್ಲಿ ಕೇಂದ್ರ ಸರಕಾರ ದಂಡ ಹೆಚ್ಚಿಸುವ ಕರಡೊಂದನ್ನು ಪ್ರಕಟಿಸಿದಾಗಲೂ ಪುಸ್ತಕದಲ್ಲಿ ಇದ್ದುದು ಅದೇ ಐವತ್ತು. ನಮ್ಮ ಹೊಟೇಲಿನಲ್ಲಿ ಎರಡು ಮಸಾಲೆ ದೋಸೆಗೂ ಅದು ಸಾಲದು.

ಸರ್ಕಸ್ಸಿನ ಕಥೆ ಇದಕ್ಕಿಂತ ಬೇರೆ. ನಮ್ಮ ವಯಸ್ಸಿನವರಿಗೆಲ್ಲ ಡೇರೆಯ ಒಳಗೆ ಸಿಂಹ ಸ್ಟೂಲಿನ ಮೇಲೆ ಕುಳಿತುದರ ನೆನಪಿದೆ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹ ಈ ಐದನ್ನು ಪ್ರದರ್ಶನಕ್ಕಾಗಿ ಪಳಗಿಸಬಾರದೆಂದು ಕೇಂದ್ರ ಸರಕಾರ 1998ರಲ್ಲಿ ಪ್ರಕಟಣೆ ಹೊರಡಿಸಿತು. ಸರ್ಕಸ್ಸಿನ ಮಾಲೀಕರು ತಮ್ಮ ಕಸುಬಿನ ಹಕ್ಕು ಹೋಯಿತೆಂದು ಕೋರ್ಟಿಗೆ ಹೋದರು. ಕೇರಳದ ಉಚ್ಚ ನ್ಯಾಯಾಲಯ 2000ದಲ್ಲಿ, ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಪ್ರಕಟಣೆಯೇ ಸರಿ ಎಂದವು. ಮನುಷ್ಯನಿಗೆ ಮೂಲಭೂತ ಹಕ್ಕು ಇರುವುದಾದರೆ ಪ್ರಾಣಿಗೆ ಏಕಿಲ್ಲ ಎಂಬ ಪ್ರಶ್ನೆಯನ್ನೂ ಕೇರಳದ ನ್ಯಾಯಾಧೀಶರು ಎತ್ತಿದ್ದರು. 2023ರ ಪೀಠ ಅದಕ್ಕೆ ಕೊಟ್ಟ ಉತ್ತರ, ಸಂವಿಧಾನದಲ್ಲಿ ಪ್ರಾಣಿಗೆ ಅಂಥ ಹಕ್ಕನ್ನು ಇನ್ನೂ ಗುರುತಿಸಿಲ್ಲ ಎಂಬುದು. ಅಂತೂ ಸರ್ಕಸ್ಸಿನ ಸಿಂಹಗಳಲ್ಲಿ ಕೆಲವು ನಮ್ಮ ಬನ್ನೇರುಘಟ್ಟಕ್ಕೆ ಬಂದು ಮುದಿತನ ಕಳೆದವು. ಪಟ್ಟಿಯಲ್ಲಿ ಆನೆ ಇರಲಿಲ್ಲ, ಏಕೆ ಎಂದು ಆನೆಯನ್ನು ಕೇಳುವವರಿಲ್ಲ.

ಅದೇ ಡೇರೆಯಲ್ಲಿ ಉಯ್ಯಾಲೆಯಿಂದ ಉಯ್ಯಾಲೆಗೆ ಹಾರುತ್ತಿದ್ದ ಮಕ್ಕಳೂ ಇದ್ದರು. ನೇಪಾಳದ ಬಡ ಹಳ್ಳಿಗಳಿಂದ ತಂದ ಮಕ್ಕಳು ಅವರಲ್ಲಿ ಬಹಳ. ಮಕ್ಕಳನ್ನು ಸರ್ಕಸ್ಸಿನಲ್ಲಿ ದುಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದುದು 2011ರ ಏಪ್ರಿಲಿನಲ್ಲಿ. ಸಿಂಹಕ್ಕೆ ಬಿಡುಗಡೆಯ ಮಾತು ಸಿಕ್ಕಿ ಹತ್ತು ವರ್ಷವಾದ ಮೇಲೆ ಮಗುವಿಗೆ ಸಿಕ್ಕಿತು. ಸಿಂಹಕ್ಕೆ ಮೊದಲು ಸಿಗಬಾರದಾಗಿತ್ತು ಎಂದು ನಾವು ಹೇಳುತ್ತಿಲ್ಲ. ಬೋನಿನಲ್ಲಿ ಇದ್ದುದರಿಂದ ಸಿಂಹದ ಸೆರೆ ಕಣ್ಣಿಗೆ ಕಾಣುತ್ತಿತ್ತು. ಮಗು ನಗುತ್ತ ಕೈಬೀಸುತ್ತಿತ್ತು, ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಕರಡಿಯ ವಿಷಯದಲ್ಲಿ ಕಾಯಿದೆಗೆ ಒಂದು ಬುದ್ಧಿ ಬಂದಿತು. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಕರಡಿಯನ್ನು ಹಿಡಿದು ಕುಣಿಸುವುದು ಅಪರಾಧ. ಆದರೂ ಮೂವತ್ತು ವರ್ಷ ಕಲಂದರರು ಮೂಗಿಗೆ ಹಗ್ಗ ಪೋಣಿಸಿದ ಕರಡಿಯನ್ನು ಊರೂರಿಗೆ ಕುಣಿಸುತ್ತ ಬಂದರು. ಬಳ್ಳಾರಿ ಕೊಪ್ಪಳಗಳ ಕಡೆಯವರು ಇದನ್ನು ಕಂಡೇ ಇರುತ್ತಾರೆ. ಕರಡಿ ಬಿಟ್ಟರೆ ಕಲಂದರನ ಮನೆಯಲ್ಲಿ ಒಲೆ ಉರಿಯದು. ಕಾಯಿದೆಯ ಪುಸ್ತಕ ಒಲೆ ಹೊತ್ತಿಸಿಕೊಡಲಿಲ್ಲ. ಕರಡಿ ಒಪ್ಪಿಸಿದವನಿಗೆ ಬೇರೆ ಕಸುಬಿಗೆ ಹಣ, ಮಕ್ಕಳಿಗೆ ಶಾಲೆ ಎಂದು ಪ್ರಾಣಿದಯಾಪರರು ಏರ್ಪಾಡು ಮಾಡಿದ ಮೇಲೆ ಕರಡಿಗಳು ಬರತೊಡಗಿದವು. 2005ರಲ್ಲಿ ಬನ್ನೇರುಘಟ್ಟದಲ್ಲಿ ಅವುಗಳಿಗೆ ಒಂದು ಆಶ್ರಯವಾಯಿತು. 2009ರ ಕೊನೆಗೆ ಕುಣಿಯುವ ಕರಡಿಯ ಕಾಲವೇ ಮುಗಿಯಿತು. ಹಗ್ಗದ ಎರಡು ತುದಿಯಲ್ಲಿಯೂ ಹಸಿವಿತ್ತು, ಎರಡನ್ನೂ ನೋಡಿದಾಗ ಗಂಟು ಬಿಚ್ಚಿತು. ನಮ್ಮ ಮುಂಬಯಿಯಲ್ಲಿ ವಿಕ್ಟೋರಿಯಾ ಗಾಡಿಗಳನ್ನು ನಿಲ್ಲಿಸಬೇಕೆಂದು 2015ರಲ್ಲಿ ಉಚ್ಚ ನ್ಯಾಯಾಲಯ ಹೇಳಿದಾಗ, ಗಾಡಿಯವರ ಜೀವನಕ್ಕೂ ದಾರಿ ಮಾಡಿ ಎಂದು ಸರಕಾರಕ್ಕೆ ಸೂಚಿಸಿತು. ಇದೂ ಅದೇ ಬುದ್ಧಿ. (ಕುದುರೆಯ ಮಾತು ಬಂದಿತೆಂದು ಹೇಳುತ್ತೇವೆ: 1996ರಲ್ಲಿ ಕುದುರೆ ಜೂಜಿನ ವಿಚಾರ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ ಅಲ್ಲಿ ತೀರ್ಮಾನವಾದದ್ದು ಅದು ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಎಂಬುದು. ಪಣ ಕಟ್ಟುವವನ ಕ್ಷೇಮ ನಿರ್ಣಯವಾಯಿತು. ಕುದುರೆ, ಅದರ ಮೇಲೆ ಕುಳಿತ ಜಾಕಿ ಇಬ್ಬರೂ ಪ್ರಶ್ನೆಯ ಹೊರಗೆ ಉಳಿದರು. ಮಹಾಲಕ್ಷ್ಮಿಗೆ ಹೋಗುವ ಗೆಳೆಯರು ಸಿಟ್ಟಾಗಬಾರದು.)

ಇನ್ನು ಓಟಗಾರನ ಬಳಿಗೆ ಬರೋಣ.

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ ಎಂಬ ತರುಣ 142.5 ಮೀಟರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ. ಯಾರೋ ಲೆಕ್ಕ ಹಾಕಿ 100 ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟನ ದಾಖಲೆ 9.58. ಅಷ್ಟೆ, ದೇಶವೆಲ್ಲ ಗುಲ್ಲಾಯಿತು. ಕೋಣ ಎಳೆಯುವ ಓಟವನ್ನೂ ಕಾಲ್ಬಲದ ಓಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ಹೇಳಿದವರ ಮಾತು ಯಾರಿಗೂ ಕೇಳಲಿಲ್ಲ. ಕೇಂದ್ರದ ಕ್ರೀಡಾಮಂತ್ರಿಗಳು ಪರೀಕ್ಷೆಯ ಓಟಕ್ಕೆ ಬಾ ಎಂದರು, ಮುಖ್ಯಮಂತ್ರಿಗಳು ಕರೆಸಿ ಮೂರು ಲಕ್ಷ ಕೊಟ್ಟರು. ಆ ತರುಣನೋ, ಕಟ್ಟಡದ ಕೆಲಸ ಮಾಡಿಕೊಂಡಿದ್ದವನು. ಕಂಬಳದಲ್ಲಿ ಓಡುವುದು ಹಿಮ್ಮಡಿಯ ಬಲದಲ್ಲಿ, ಮೈದಾನದಲ್ಲಿ ಓಡುವುದು ಬೆರಳ ತುದಿಯಲ್ಲಿ, ಎರಡೂ ಬೇರೆ ಎಂದು ವಿನಯದಿಂದಲೇ ಹೇಳಿ ಪರೀಕ್ಷೆಗೆ ಹೋಗಲಿಲ್ಲ. ಇಡೀ ಗದ್ದಲದಲ್ಲಿ ವಿವೇಕದ ಮಾತು ಅದೊಂದೇ ಎಂದು ನಮಗೆ ತೋರುತ್ತದೆ. ಕೆಲವೇ ದಿನದಲ್ಲಿ ವೇಣೂರಿನಲ್ಲಿ ಇನ್ನೊಬ್ಬ ತರುಣ ಆ ವೇಗವನ್ನೂ ಮೀರಿಸಿದ. ಪತ್ರಿಕೆಗಳು ಅತ್ತ ತಿರುಗಿದವು.

ಅವನು ಎಷ್ಟು ವೇಗವಾಗಿ ಓಡಿದನೆಂದು ಎಲ್ಲರೂ ಕೇಳಿದರು. ಬಿದ್ದು ಮೊಣಕಾಲು ಮುರಿದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಯಾರೂ ಕೇಳಲಿಲ್ಲ. ಓಟಗಾರ ವಯಸ್ಕ, ಬುದ್ಧಿಯುಳ್ಳವ, ಇಷ್ಟಪಟ್ಟು ಓಡುತ್ತಾನೆ. ಬಾಯಿ ಇದೆ, ಬೇಕಾದರೆ ಕೇಳಲಿ ಎಂಬುದು ಕಾಯಿದೆಯ ಎಣಿಕೆ. ಕೋಣಕ್ಕೆ ಬಾಯಿಲ್ಲವೆಂದು ಅದರ ಪರವಾಗಿ ಮಾತನಾಡುವವರು ಹುಟ್ಟಿದರು. ಬಾಯಿದ್ದೂ ಆಡಲಾರದವರ ಪರವಾಗಿ ಮಾತನಾಡುವವರು ಯಾರು?

ಇದು ಕಂಬಳದವರ ಪಾಡು ಮಾತ್ರ ಎನ್ನುವಂತಿಲ್ಲ. ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ರೈತರ ಮಗಳು ಅಶ್ವಿನಿ ಅಕ್ಕುಂಜಿಯವರ ಹೆಸರನ್ನು ನೀವೆಲ್ಲ ಬಲ್ಲಿರಿ. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ 400 ಮೀಟರ್ ಹರ್ಡಲ್ಸಿನಲ್ಲೂ ರಿಲೇಯಲ್ಲೂ ಚಿನ್ನ. ಅಂದು ಈ ಸಭಾಗೃಹದಲ್ಲಿ ನಾವು ಪೇಡೆ ಹಂಚಿದೆವು. ಮರುವರ್ಷ ಮದ್ದಿನ ಪರೀಕ್ಷೆಯಲ್ಲಿ ಅವರೂ ಜೊತೆಯ ಓಟಗಾರ್ತಿಯರೂ ಸಿಕ್ಕಿಬಿದ್ದರು. ವಿದೇಶದ ತರಬೇತುದಾರರು ತಂದುಕೊಟ್ಟ ಜಿನ್ಸೆಂಗ್ ಗುಳಿಗೆ ನುಂಗಿದೆವು, ಅದರಲ್ಲಿ ಏನಿದೆಯೆಂದು ತಿಳಿಯದು ಎಂದರು. ಪೂರ್ತಿ ತಪ್ಪು ಇವರದಲ್ಲವೆಂದು ಎಣಿಸಿ ಇಲ್ಲಿಯ ಮಂಡಳಿ ಒಂದು ವರ್ಷದ ನಿಷೇಧ ಹಾಕಿತು. 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷ ಮಾಡಿತು. ಆ ವರ್ಷದ ಒಲಿಂಪಿಕ್ಸು ಹಾಗೆ ಕೈಬಿಟ್ಟಿತು. ತರಬೇತುದಾರರನ್ನು ಕೆಲಸದಿಂದ ತೆಗೆದರು, ಅವರು ತಮ್ಮ ದೇಶಕ್ಕೆ ಹೋದರು.

ಮದ್ದಿನ ನಿಯಮ ಕಠಿಣವಾಗಿರಬೇಕು, ಅದರಲ್ಲಿ ನಮಗೆ ಸಂದೇಹವಿಲ್ಲ. ದೇಹದೊಳಗೆ ಹೋದುದಕ್ಕೆಲ್ಲ ಕ್ರೀಡಾಪಟುವೇ ಹೊಣೆ ಎಂಬ ಸೂತ್ರ ಇಲ್ಲವಾದರೆ ಮೋಸಗಾರರಿಗೆಲ್ಲ ನೆಪ ಸಿಗುತ್ತದೆ. ಆದರೂ ಒಂದು ಮಾತು ಮನಸ್ಸನ್ನು ಕೊರೆಯುತ್ತದೆ. ಕೋಣಕ್ಕೆ ಯಾರಾದರೂ ಬೇಡದ ಮದ್ದು ತಿನ್ನಿಸಿದರೆ ನಾವು ಹಿಡಿಯುವುದು ಕೋಣದ ಯಜಮಾನನನ್ನು. ಶಿಬಿರದಲ್ಲಿ ಕೂಡಿಟ್ಟು, ಏಳುವ ಹೊತ್ತು, ಉಣ್ಣುವ ಅನ್ನ, ನುಂಗುವ ಗುಳಿಗೆ ಎಲ್ಲವನ್ನೂ ಬೇರೆಯವರು ನಿಶ್ಚಯಿಸುವ ಹುಡುಗಿಗೆ ಹಾಗಾದರೆ ಹಿಡಿಯುವುದು ಹುಡುಗಿಯನ್ನು. ಅವಳು ಕೋಣಕ್ಕಿಂತ ಎಷ್ಟು ಸ್ವತಂತ್ರಳು? ಮೂಗುದಾರ ಕಣ್ಣಿಗೆ ಕಾಣದು, ಅಷ್ಟೆ. ಮೂಗುದಾರ ಹಿಡಿದವನು ಎರಡು ಕಾಯಿದೆಗಳ ನಡುವಿನಿಂದ ನುಣುಚಿಕೊಳ್ಳುತ್ತಾನೆ. 2022ರ ಮದ್ದುತಡೆ ಕಾಯಿದೆ ತರಬೇತುದಾರರನ್ನೂ ವೈದ್ಯರನ್ನೂ ತನ್ನ ಅಂಕೆಗೆ ತಂದಿದೆ. ಒಳ್ಳೆಯದೇ. ಆದರೆ ಮೂತ್ರದ ಸೀಸೆ ಹುಡುಗಿಯದು, ಸಾಕ್ಷಿ ಅಲ್ಲಿಯೇ ಸಿಗುತ್ತದೆ. ಕೊಟ್ಟ ಕೈಗೆ ಸಾಕ್ಷಿ ಹುಡುಕಬೇಕು.

ಕಾಯಿದೆ ಇದ್ದರೂ ಸಾಲದೆಂಬುದಕ್ಕೆ ಇನ್ನೊಂದು ನಿದರ್ಶನ. ಕೆಲಸದ ಸ್ಥಳದಲ್ಲಿ ಹೆಂಗಸರಿಗೆ ರಕ್ಷಣೆ ಕೊಡುವ 2013ರ ಕಾಯಿದೆಯಲ್ಲಿ ಕ್ರೀಡಾಂಗಣ, ತರಬೇತಿಯ ಸ್ಥಳಗಳನ್ನೂ ಸ್ಪಷ್ಟವಾಗಿ ಸೇರಿಸಿದ್ದಾರೆ. ಹಾಗಿದ್ದೂ 2023ರ ಜನವರಿಯಲ್ಲಿ ದೇಶಕ್ಕೆ ಪದಕ ತಂದ ಕುಸ್ತಿಯ ಹೆಣ್ಣುಮಕ್ಕಳು ದೂರು ಹೇಳಿಕೊಳ್ಳಲು ದೆಹಲಿಯ ಜಂತರ್ ಮಂತರಿನ ಬೀದಿಯಲ್ಲಿ ಕೂರಬೇಕಾಯಿತು. 2025ರ ಆಗಸ್ಟಿನಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತದ ಕಾಯಿದೆ ಬಂದಿತು. ಕ್ರೀಡಾಪಟುಗಳದೇ ಸಮಿತಿ, ಸುರಕ್ಷತೆಯ ನೀತಿ, ವ್ಯಾಜ್ಯಕ್ಕೆ ಒಂದು ನ್ಯಾಯಮಂಡಳಿ ಎಲ್ಲಕ್ಕೂ ಅದರಲ್ಲಿ ಎಡೆಯಿದೆ. ಆದರೆ ಅದು ಮಾನ್ಯತೆ ಪಡೆದ ರಾಷ್ಟ್ರೀಯ ಕ್ರೀಡಾಸಂಸ್ಥೆಗಳ ಸಂಗತಿ. ಕೆಸರಿನ ಕರೆಯವರೆಗೆ ಅದರ ಕೈ ನೀಳದು.

ಹಿಂದಿನ ಚಳಿಗಾಲದಲ್ಲಿ ಊರಿಗೆ ಹೋಗಿದ್ದಾಗ ಕಂಡದ್ದನ್ನು ಹೇಳಿ ಮುಗಿಸುತ್ತೇವೆ. ಕಂಬಳದ ಹೆಸರು ಬೇಡ. ಭಾನುವಾರ ಬೆಳಗಿನ ಜಾವ. ನೇಗಿಲು ಕಿರಿಯ ವಿಭಾಗದ ಓಟದಲ್ಲಿ ಒಬ್ಬ ಹುಡುಗ ಅರ್ಧ ಕರೆಯಲ್ಲಿ ಮುಗ್ಗರಿಸಿದ. ನೇಗಿಲು ಬಿಡದೆ ಹಿಡಿದದ್ದರಿಂದ ಐದಾರು ಮಾರು ಕೆಸರಿನಲ್ಲಿ ಎಳೆದುಕೊಂಡು ಹೋಯಿತು. ಕೋಣಗಳು ಮಂಜೊಟ್ಟಿ ಹತ್ತಿ ನಿಂತವು. ಸರಕಾರದ ಪಶುವೈದ್ಯರು ಒಡನೆಯೇ ಹೋಗಿ ಅವುಗಳ ಕಾಲು ಮುಟ್ಟಿ ನೋಡಿದರು. ಇಬ್ಬರು ಬಿಸಿನೀರು ಹೊಯ್ದರು, ಇನ್ನೊಬ್ಬ ಚೀಲ ಹೊದಿಸಿದ. ಹುಡುಗ ಕುಂಟುತ್ತ ಬಂದು ನಮ್ಮ ಪಕ್ಕದ ತೆಂಗಿನ ಕಟ್ಟೆಯ ಮೇಲೆ ಕುಳಿತ. ಮೊಣಕೈಯ ಚರ್ಮ ಸುಲಿದಿತ್ತು. ಡಾಕ್ಟರು ಅಲ್ಲಿಯೇ ಇದ್ದಾರೆ, ತೋರಿಸಬಾರದೇ ಎಂದೆವು. ಅವನು ನಕ್ಕ.

"ಅವರು ಕೋಣದ ಡಾಕ್ಟರು ಅಣ್ಣ. ನಮಗೆ ಬಸ್ಸು ಹಿಡಿದು ಕಾರ್ಕಳಕ್ಕೆ ಹೋಗಬೇಕು."

"ಯಜಮಾನರು ಖರ್ಚು ಕೊಡುವುದಿಲ್ಲವೇ?"

"ಕೊಡ್ತಾರೆ. ಅವರು ಒಳ್ಳೆಯವರು. ಕೇಳುವುದಕ್ಕೆ ನಾಚಿಕೆ."

ಒಳ್ಳೆಯವರೆಂಬುದು ನಮಗೂ ಗೊತ್ತು, ಆ ಯಜಮಾನರು ನಮ್ಮ ಬಂಧುಗಳೇ. ಆದರೆ ಆ ಹುಡುಗನ ಮೊಣಕೈ ಅವರ ಒಳ್ಳೆಯತನದ ಮೇಲೆಯೇ ನಿಂತಿರಬೇಕೇ? ಕೋಣದ ಕಾಲು ಹಾಗೆ ನಿಂತಿಲ್ಲ. ಅದಕ್ಕೆ ಕಾಯಿದೆಯ ಹೆದರಿಕೆಯೂ ಇದೆ.

ಆದುದರಿಂದ ಸಂಘದ ಮುಂದೆ ಒಂದು ಸೂಚನೆ ಇಡುತ್ತೇವೆ. ವರ್ಷವರ್ಷವೂ ನಮ್ಮ ಸಂಘದಿಂದಲೂ ಸದಸ್ಯರ ಕೈಯಿಂದಲೂ ಊರಿನ ಕಂಬಳಗಳಿಗೆ ಪವನಿಗೆಂದು, ಫಲಕಕ್ಕೆಂದು, ಊಟಕ್ಕೆಂದು ಹಣ ಹೋಗುತ್ತದೆ. ಕೊಟ್ಟವರ ಹೆಸರು ಧ್ವನಿವರ್ಧಕದಲ್ಲಿ ಕೇಳಿಬರುತ್ತದೆ, ನಾವೂ ಕಿವಿ ನಿಮಿರಿಸಿ ಕೇಳಿದ್ದೇವೆ. ಈ ಸಲ ರಸೀದಿ ಪುಸ್ತಕ ಬಂದಾಗ ಮೂರು ಮಾತು ಕೇಳೋಣ. ಓಡುವವರೆಲ್ಲರಿಗೂ ಅಪಘಾತದ ವಿಮೆ ಮಾಡಿಸಿದ್ದೀರಾ? ಮನುಷ್ಯರ ಡಾಕ್ಟರೊಬ್ಬರು, ಒಂದು ಆಂಬುಲೆನ್ಸು ಎರಡು ದಿನವೂ ಕರೆಯ ಬದಿಯಲ್ಲಿ ಇರುತ್ತಾರೆಯೇ? ಗೆದ್ದ ಪವನಿನಲ್ಲಿ ಓಡಿಸಿದವರಿಗೆ ಎಷ್ಟು ಎಂಬುದು ಮೊದಲೇ ಬರಹದಲ್ಲಿ ಇದೆಯೇ? ಇದೆ ಎಂದರೆ ಎರಡರಷ್ಟು ಕೊಡೋಣ. ಇಲ್ಲ ಎಂದರೆ ಪವನಿನ ಹಣವನ್ನು ವಿಮೆಯ ಕಂತಿಗೆ ಕಟ್ಟಿ ಎಂದು ರಸೀದಿಯ ಮೇಲೆಯೇ ಬರೆಸೋಣ. ಹೀಗೆ ಕೇಳಲು ಯಾವ ಕಾಯಿದೆಯೂ ಬೇಕಿಲ್ಲ, ರಾಷ್ಟ್ರಪತಿಗಳ ಅಂಕಿತವೂ ಬೇಕಿಲ್ಲ.

ಕೆಲವು ಕಂಬಳಗಳಲ್ಲಿ ಇಂಥ ಏರ್ಪಾಡು ಆಗಲೇ ಇರಬಹುದು. ಇದ್ದರೆ ಆ ಸಮಿತಿಗಳ ಹೆಸರನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚುಹಾಕಿಸುವುದು ಸಂಪಾದಕರಿಗೆ ಕಷ್ಟವಾಗಲಾರದು. ಅದರ ಜೊತೆಗೆ ಹಿಂದಿನ ವರ್ಷ ಗೆದ್ದ ಜೋಡಿಗಳ ಪಟ್ಟಿಯನ್ನೂ ಹಾಕಲಿ. ಆ ಪಟ್ಟಿಯಲ್ಲಿ ಓಡಿಸಿದವರ ಹೆಸರು ಮೇಲಿನ ಸಾಲಿನಲ್ಲಿ ಇರಲಿ.

ಈ ಸೂಚನೆಗೆ ಒಪ್ಪುವವರು ಚಹಾ ಮುಗಿಸಿ ಹೊರಡುವ ಮುನ್ನ ಕಾರ್ಯದರ್ಶಿಗಳ ಬಳಿ ಇರುವ ಹಾಳೆಯಲ್ಲಿ ಸಹಿ ಮಾಡಬೇಕೆಂದು ಪ್ರಾರ್ಥನೆ. ಮೊದಲ ಸಹಿಯನ್ನು ನಾವು ಹಾಕಿದ್ದೇವೆ.